ಗೋಡೆ ದಾಟಿಸಿದ ಹುಳಗಳು

ಜೂನ್ 8, ಭಾನುವಾರ

ಇವತ್ತು ಮಿರಗದ, ಅಂದರೆ ಮೃಗಶಿರದ, ಮಳೆ ಕೂಡುವ ದಿನ. ಮಳೆ ಕೂಡಲಿಲ್ಲ. ನಾನೂ ಮಗನೂ ಕೂಡಿದೆವು, ಜಗಳಕ್ಕೆ.

ಅರಿಹಂತ ಕಾರು ತಂದ ದಿನದಿಂದ ಅವನ ಕಣ್ಣು ಹಿತ್ತಲಿನ ಮೇಲಿದೆ. ದಸರೆಗೆ ಇಡೀ ಹಿತ್ತಲಿಗೆ ಪೇವರ್ ಬ್ಲಾಕ್ ಹಾಸಿ, ಮೇಲೆ ತಗಡು ಹೊದಿಸಿ, ಕಾರು ನಿಲ್ಲಿಸುತ್ತಾನಂತೆ. ಅಲ್ಲಿ ಏನಿದೆ, ಒಡೆದ ಇಟ್ಟಿಗೆ, ಹಳೇ ಗೋಣಿಚೀಲ, ಅಷ್ಟೇ ತಾನೇ ಎಂದು ಮರಾಠಿಯಲ್ಲಿ ಕೇಳಿದ. ಕೇಳಿದ್ದರಲ್ಲಿ ತಪ್ಪಿಲ್ಲ. ಮೂವತ್ತೆರಡು ವರ್ಷ ನಾನೂ ಆ ಜಾಗವನ್ನು ಬಟ್ಟೆ ಒಣಹಾಕಲು ಬಿಟ್ಟರೆ ಇನ್ಯಾತಕ್ಕೂ ನೋಡಿದವಳಲ್ಲ. ಆದರೂ ಬಾಯಿಂದ ಬಂದುಬಿಟ್ಟಿತು, ಅಲ್ಲಿ ನಾನು ಕಾಯಿಪಲ್ಲೆ ಬೆಳೆಯುವವಳಿದ್ದೇನೆ ಎಂದು.

ಅಪ್ಪ ಮಗ ಇಬ್ಬರೂ ನಕ್ಕರು. ಇವರದು ಮಾರ್ಕೆಟ್ ಯಾರ್ಡಿನಲ್ಲಿ ಹಳದಿಯ, ಅಂದರೆ ಅರಿಸಿನದ, ಅಡತಿ ಅಂಗಡಿ. ಕೊಂಬು ಮುರಿದು ಮೂಸಿದರೆ ಯಾವ ಊರಿನ ಹಳದಿ ಎಂದು ಹೇಳುತ್ತಾರೆ, ಹಳದಿ ಗಿಡದ ಎಲೆ ಹೇಗಿರುತ್ತದೆ ಎಂದು ಕೇಳಿದರೆ ಕೆಮ್ಮುತ್ತಾರೆ. ಅಂಥವರು ನಕ್ಕರೆ ಯಾರಿಗೆ ಸಿಟ್ಟು ಬರುವುದಿಲ್ಲ?

ಕೊನೆಗೆ ಕರಾರು ಆಯಿತು. ಸಪ್ಟೆಂಬರಿನಲ್ಲಿ ನಮ್ಮ ಜೈನರ ಹತ್ತು ದಿನದ ಪರ್ವ ಮುಗಿದು ಕ್ಷಮಾವಣಿ ಬರುತ್ತದೆ, ಎಲ್ಲರ ಹತ್ತಿರ ಕ್ಷಮೆ ಕೇಳಿ ಹೊಟ್ಟೆತುಂಬ ಉಣ್ಣುವ ದಿನ. ಆ ಮಧ್ಯಾಹ್ನ ಮೂವರಿಗೂ ಎರಡು ಪಲ್ಲೆ, ಒಂದು ಕೋಸಂಬರಿ. ಕಾಯಿ ಎಲ್ಲವೂ ಹಿತ್ತಲಿನವೇ ಆಗಿರಬೇಕು, ಪೇಟೆಯದು ಒಂದೂ ಸೇರಬಾರದು. ಗೆದ್ದರೆ ಹಿತ್ತಲು ನನ್ನದು, ಸೋತರೆ ಕಾರಿನದು.

ಈ ಡೈರಿಗೆ ಬೀಗ ಬೇಕಿಲ್ಲ. ಅಪ್ಪ ಮಗನಿಗೆ ಕನ್ನಡ ಕಿವಿಗೆ ಹೋಗುತ್ತದೆ, ಕಣ್ಣಿಗೆ ಹೋಗುವುದಿಲ್ಲ. ಹಾಗಾಗಿ ನಿಜ ಬರೆಯುತ್ತೇನೆ. ನನಗೆ ಕಾಯಿಪಲ್ಲೆಯ ಆಸೆಯೇನೂ ಇಲ್ಲ. ಜನವರಿಯಲ್ಲಿ ಅತ್ತೆ ಹೋದರು. ಈ ಮರಾಠಿ ಊರಿನಲ್ಲಿ ಅವರ ಜೊತೆಗೆ ನಮ್ಮ ಮನೆಯ ಕನ್ನಡವೂ ಹೋಯಿತು. ಮೂವತ್ತೆರಡು ವರ್ಷ ನಾವಿಬ್ಬರೂ ಜಗಳವಾಡಿದ್ದು ಕನ್ನಡದಲ್ಲೇ. ಈಗ ಆ ಜಗಳವೂ ಬೇಕೆನಿಸುತ್ತದೆ. ಮಧ್ಯಾಹ್ನ ಮನೆ ಭಣಭಣ ಎನ್ನುತ್ತದೆ, ಕೈಗೆ ಏನಾದರೂ ಕೆಲಸ ಬೇಕು.

ಜೂನ್ 11

ಕೈಯೇನೋ ಕೆಸರಾಗಿದೆ. ಬಾಯಿ ಮೊಸರಾಗುವುದು ಯಾವಾಗಲೋ.

ಮೂರು ದಿನ ಇಟ್ಟಿಗೆ ಹೊತ್ತು ಸೊಂಟ ಹಿಡಿದುಕೊಂಡಿದೆ. ಗೋಣಿಚೀಲಗಳ ಕೆಳಗೆ ಎರಡು ಚೇಳು, ಒಂದು ಕಪ್ಪೆ ಸಿಕ್ಕವು. ಮೂರನ್ನೂ ಮೊರದಲ್ಲಿ ಕೂರಿಸಿ, ಮರ್ಯಾದೆಯಿಂದ ರಸ್ತೆಯ ಆಚೆ ಬಿಟ್ಟು ಬಂದೆ. ಜೀವ ಅಲ್ಲವೇ. ಎದುರು ಮನೆಯವರು ಧಡಾರನೆ ಬಾಗಿಲು ಹಾಕಿಕೊಂಡರು.

ಬೀಜಕ್ಕೆ ಇವರನ್ನು ಕಳಿಸಿದೆ. ಬಾಗಿಲಲ್ಲಿ ನಿಂತೇ ಹೇಳಿದೆ: ಬೆಂಡೆ, ಹೀರೆ, ಸೌತೆ, ಚವಳಿಕಾಯಿ, ಮೆಂತೆ, ಪಾಲಕ. ಇವರು ಹೂಂ ಹೂಂ ಎಂದು ಸ್ಕೂಟರ್ ಹತ್ತಿದರು, ಅರ್ಧ ತಾಸಿನಲ್ಲಿ ಆರೂ ಪೊಟ್ಟಣ ತಂದರು. ಹೇಳಿದ್ದನ್ನು ಒಂದೇ ಸಲಕ್ಕೆ ತಂದದ್ದು ಮದುವೆಯಾದ ಮೇಲೆ ಇದೇ ಮೊದಲು. ನನಗೆ ಅದೇ ಒಂದು ಅನುಮಾನ.

ಜೂನ್ 19

ಎಲ್ಲ ಮೊಳೆತವು, ಹೀರೆಯೊಂದು ಬಿಟ್ಟು. ದಿನಕ್ಕೆ ಮೂರು ಸಲ ನೀರು ಹಾಕುತ್ತಿದ್ದೇನೆ, ಆದರೂ ಹಟ.

ನಮ್ಮ ಹಿಂದಿನ ಖಾಲಿ ಪ್ಲಾಟಿನ ಧಣಿ ಪುಣೆಯಲ್ಲಿದ್ದಾನೆ. ಅವನ ಜಾಗ ಕಾಯಲು ಒಂದು ಕೂಲಿ ಸಂಸಾರ ತಗಡಿನ ಶೆಡ್ಡು ಹಾಕಿಕೊಂಡಿದೆ. ಇವತ್ತು ಅವರ ಹೆಂಗಸು ಎದೆಮಟ್ಟದ ಗೋಡೆಯ ಮೇಲೆ ಕೈಯಿಟ್ಟು ನಾನು ನೀರು ಹಾಕುವುದನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಹೇಳಿದಳು:

"ಬಾಯಾರ, ಹೀರಿ ಬೀಜಕ್ಕ ಇಷ್ಟ ನೀರ ಕುಡಿಸಿದ್ರ ಅದು ಹುಟ್ಟೂ ಮೊದಲ ಸಾಯ್ತೈತಿ."

ತಂಬಿಗೆ ಕೆಳಗಿಟ್ಟೆ. ಐದು ತಿಂಗಳಾಗಿತ್ತು, ನನ್ನೆದುರು ನಿಂತು ಯಾರಾದರೂ ಕನ್ನಡದಲ್ಲಿ ಮಾತಾಡಿ. ಅದೂ ಬೈಗುಳ. ಅತ್ತೆಯೇ ಬಂದು ನಿಂತ ಹಾಗಾಯಿತು.

ಹೆಸರು ಹೌಸಾಬಾಯಿ. ನನ್ನನ್ನು ಬಾಯಾರು, ಅಂದರೆ ಅಮ್ಮನವರು, ಎನ್ನುತ್ತಾಳೆ. ಇಂಡಿ ತಾಲೂಕಿನ ಕಡೆಯವರಂತೆ. ಗಂಡ ಧರೆಪ್ಪ ಗೌಂಡಿ ಕೆಲಸಕ್ಕೆ ಹೋಗುತ್ತಾನೆ, ಇವಳು ಕೆಲವು ದಿನ ಅವನ ಜೊತೆ ಇಟ್ಟಿಗೆ ಹೊರಲು ಹೋಗುತ್ತಾಳೆ. ಕುಡಿಯಲು ನೀರು ಕೇಳಿದಳು. ಅವಳ ಚರಿಗೆಗೆ ಮೇಲಿನಿಂದ, ತಾಗದ ಹಾಗೆ ಸುರಿದೆ. ಹೀರೆಗೆ ಮಾತ್ರ ಇನ್ನು ನೀರು ಸುರಿಯುವುದಿಲ್ಲ.

ಜೂನ್ 24

ಹೀರೆ ಮೊಳೆಯಿತು. ಐದಕ್ಕೆ ನಾಲ್ಕು.

ಜುಲೈ 2

ಇವತ್ತು ನಕ್ಕು ನಕ್ಕು ಪಕ್ಕೆ ನೋಯುತ್ತಿದೆ.

ಚವಳಿಕಾಯಿಯ ಸಾಲನ್ನು ಹೌಸಾಬಾಯಿಗೆ ಹೆಮ್ಮೆಯಿಂದ ತೋರಿಸಿದೆ. ಅವಳು ಗೋಡೆಯ ಮೇಲಿಂದ ಬಗ್ಗಿ ಒಂದು ಎಲೆ ಹಿಡಿದು ನೋಡಿ, ಇದು ಚವಳಿಕಾಯಿ ಅಲ್ಲ, ಅಲಸಂದಿ ಎಂದಳು. ನಾನು ಒಪ್ಪಲಿಲ್ಲ. ಒಳಗೆ ಹೋಗಿ ಪೊಟ್ಟಣ ತಂದೆ. ಮರಾಠಿಯಲ್ಲಿ ಢಾಳಾಗಿ ಬರೆದಿದೆ, ಚವಳಿ.

ಆಗ ತಿಳಿಯಿತು. ನಾನು ಇವರಿಗೆ ಹೇಳಿದ್ದು ಕನ್ನಡದ ಚವಳಿಕಾಯಿ, ಅಂದರೆ ಗೋರಿಕಾಯಿ, ಇಲ್ಲಿ ಗವಾರಿ ಎನ್ನುತ್ತಾರಲ್ಲ, ಅದು. ಇವರು ಕೇಳಿಸಿಕೊಂಡದ್ದು ಮರಾಠಿಯ ಚವಳಿ, ಅಂದರೆ ಅಲಸಂದಿ. ಅಂಗಡಿಯವನದೂ ತಪ್ಪಿಲ್ಲ, ಇವರದೂ ತಪ್ಪಿಲ್ಲ, ನನ್ನದಂತೂ ಮೊದಲೇ ಇಲ್ಲ. ಮೂವತ್ತೆರಡು ವರ್ಷ ನಾನು ಇವರಿಗೆ ಇನ್ನೂ ಏನೇನು ಹೇಳಿದ್ದೆನೋ, ಇವರು ಏನೇನು ತಿಳಿದರೋ. ಸಂಜೆ ಇವರಿಗೆ ಹೇಳಿದರೆ, ಹಾಗಾದರೆ ನಮ್ಮ ಸಂಸಾರ ಇಷ್ಟು ಚೆನ್ನಾಗಿ ನಡೆದದ್ದಕ್ಕೆ ಅದೇ ಕಾರಣ ಎಂದರು. ಊಟಕ್ಕೆ ಎರಡು ಚಪಾತಿ ಕಡಿಮೆ ಬಡಿಸಿದೆ.

ಅಲಸಂದಿಯೂ ಕಾಯಿಯೇ. ಪಲ್ಲೆ ಆಗುತ್ತದೆ. ಇರಲಿ.

ಜುಲೈ 9

ದೇವರು ಕೊಟ್ಟರೂ ಪೂಜಾರಿ ಕೊಡ. ನನ್ನ ವಿಷಯದಲ್ಲಿ ಭೂಮಿ ಕೊಟ್ಟಿತು, ಪಂಚಾಂಗ ಕೊಡಲಿಲ್ಲ.

ಮೆಂತೆ ಎಂದರೆ ಎಂಥ ಮೆಂತೆ. ಪಾಲಕಂತೂ ಅಂಗೈಯಗಲ ಬಂದಿದೆ. ನೋಡುತ್ತ ನಿಂತವಳಿಗೆ ನಮ್ಮ ಜಿನ ಬಸ್ತಿಯ ಗಂಟೆ ಕೇಳಿಸಿದಾಗ ನೆನಪಾಯಿತು. ನಾಳೆಯಿಂದ ಚಾತುರ್ಮಾಸ. ಮಳೆಗಾಲದ ನಾಲ್ಕು ತಿಂಗಳು ನಮ್ಮ ಮನೆಯಲ್ಲಿ ಸೊಪ್ಪು ಒಳಗೆ ಬರುವುದಿಲ್ಲ, ಎಲೆಗೆ ಹುಳ ಹುಪ್ಪಡಿ ಅಂಟಿರುತ್ತವೆ ಎಂದು. ಹುಟ್ಟಿದಾಗಿನಿಂದ ಪಾಲಿಸಿದ ನಿಯಮ. ಬಿತ್ತುವಾಗ ಒಂದು ಸಲವಾದರೂ ನೆನಪಾಗಬೇಡವೇ. ಸೊಪ್ಪನ್ನು ಪೇಟೆಯಲ್ಲಿ ಕೊಳ್ಳದೇ ಇರುವುದು ಗೊತ್ತಿತ್ತು, ಬಿತ್ತದೇ ಇರುವುದು ಗೊತ್ತಿರಲಿಲ್ಲ.

ಇವತ್ತು ಬೆಳಿಗ್ಗೆ ಮೆಂತೆಯ ಥಾಲಿಪೆಟ್ಟು, ಮಧ್ಯಾಹ್ನ ಮೆಂತೆಯ ಪಲ್ಲೆ, ಸೂರ್ಯ ಮುಳುಗುವ ಮೊದಲು ಪಾಲಕದ ಬೇಳೆ. ಅರಿಹಂತ, ನಾಳೆ ನಾನು ಹಸಿರು ಉಗುಳುತ್ತೇನೆ ಎಂದ. ಉಳಿದದ್ದನ್ನೆಲ್ಲ ಕಿತ್ತು, ಏಳು ಕಟ್ಟು ಕಟ್ಟಿ, ಗೋಡೆಯ ಮೇಲಿಟ್ಟೆ. ಹೌಸಾಬಾಯಿ, ಇಷ್ಟು ಚಂದ ಬೆಳೆದದ್ದನ್ನು ಯಾಕೆ ಕೊಡುತ್ತೀರಿ ಎಂದು ಕೇಳಿದಳು. ಕಾರಣ ಹೇಳಿದೆ. ಅವಳು ನಗಲಿಲ್ಲ. ತಾನೂ ಸೋಮವಾರ ಉಪವಾಸ ಹಿಡಿದ ದಿನವೇ ಪಕ್ಕದವರು ಬಿಸಿ ಹೋಳಿಗೆ ಕೊಟ್ಟಿದ್ದರು ಎಂದಳು. ಕೆಲಸದವರಿಗೆಂದು ತೆಗೆದಿಟ್ಟಿದ್ದ ಸ್ಟೀಲ್ ಲೋಟದಲ್ಲಿ ಅವಳಿಗೆ ಚಹಾ ಕೊಟ್ಟೆ.

ಜುಲೈ 22

ಮಳೆ. ಕೃಷ್ಣೆಯ ಮೇಲಿನ ಐರ್ವಿನ್ ಸೇತುವೆಯ ಹತ್ತಿರ ನೀರು ಎಷ್ಟು ಅಡಿ ಏರಿತು ಎಂಬುದು ಬಿಟ್ಟರೆ ಊರಿನಲ್ಲಿ ಬೇರೆ ಮಾತಿಲ್ಲ. ಇವರು ದಿನಕ್ಕೆರಡು ಸಲ ಹೋಗಿ ನೋಡಿ ಬರುತ್ತಾರೆ, ತಾವು ನೋಡದಿದ್ದರೆ ಕೃಷ್ಣೆ ಏರುವುದಿಲ್ಲವೇನೋ ಎಂಬಂತೆ.

ಸೌತೆ ಕೊಳೆಯಿತು. ಐದೂ ಬುಡ.

ಜುಲೈ 27

ಮಳೆ ಬಿಟ್ಟಿತು. ಸೌತೆಯನ್ನು ಮತ್ತೆ ಬಿತ್ತಿದೆ. ಹೀರೆ ಚಪ್ಪರಕ್ಕೆ ಹತ್ತಿದೆ, ತುಂಬ ಹೂವು, ಒಂದೂ ಕಾಯಿಲ್ಲ. ನನಗೆ ಗಾಬರಿ. ಹೌಸಾಬಾಯಿ ಊರಿಗೆ ಹೊರಡುವ ಗಡಿಬಿಡಿಯಲ್ಲೇ ನಿಂತು ಹೇಳಿಕೊಟ್ಟಳು: "ಮೊದಲ ಗಂಡ ಹೂವ ಬರ್ತಾವರಿ. ಅವು ಬರೇ ಮೆರೀತಾವ. ಹೆಣ್ಣ ಹೂವ ಹಿಂದ ಬರ್ತಾವ, ಬರೂಮುಂದ ಕಾಯಿ ತಗೊಂಡ ಬರ್ತಾವ." ಇವರಿಗೆ ಇದನ್ನು ಬಡಿಸುವಾಗ ಹೇಳಿದೆ. ಅರ್ಥವಾದರೂ ಆಗದವರಂತೆ ಕೂತರು.

ಪಂಚಮಿಗೆ ಅವಳು ತವರಿಗೆ ಹೋದಳು. ಹತ್ತು ದಿನ ಬರುವುದಿಲ್ಲ. ಧರೆಪ್ಪ ಒಬ್ಬನೇ ಇದ್ದಾನೆ, ಅವನು ಬೆಳಿಗ್ಗೆ ಹೋದರೆ ಸಂಜೆಗೇ ಬರುವುದು. ಗೋಡೆಯ ಆಚೆ ಸದ್ದೇ ಇಲ್ಲ.

ಜುಲೈ 30

ಬೆಂಡೆಗೆ ಹುಳ ಬಿದ್ದಿದೆ. ಹಸಿರು, ಬೆರಳಿನ ಅರ್ಧದಷ್ಟು ಉದ್ದ, ಎಲೆಯ ಅಡಿಯಲ್ಲಿ ಕೂತು ಕಾರಖಾನೆಯ ಹಾಗೆ ತಿನ್ನುತ್ತವೆ. ಇವರು ಔಷಧಿಯ ಅಂಗಡಿ ಎಲ್ಲಿದೆ ಎಂದು ಹೇಳಿದರು. ನಾನು ಕಿವಿ ಮುಚ್ಚಿಕೊಂಡೆ. ಸೊಪ್ಪು ತಿಂದರೆ ಹುಳ ಸತ್ತೀತು ಎಂದು ನಾಲ್ಕು ತಿಂಗಳು ಸೊಪ್ಪು ಬಿಡುವವಳು ಹುಳಕ್ಕೆ ವಿಷ ಹೊಡೆಯುತ್ತೇನೆಯೇ?

ಐಸ್ಕ್ರೀಮಿನ ಖಾಲಿ ಡಬ್ಬಿಗೆ ತೂತು ಮಾಡಿ, ಒಳಗೆ ಎರಡು ಎಲೆ ಹಾಸಿ, ಒಂದೊಂದನ್ನೇ ಕಡ್ಡಿಯಿಂದ ಎತ್ತಿ ಹಾಕಿದೆ. ಇಪ್ಪತ್ತಮೂರು. ಗೋಡೆಯ ಆಚೆ ಖಾಲಿ ಪ್ಲಾಟಿನ ಪೊದೆಯಲ್ಲಿ ನಿಧಾನ ಝಾಡಿಸಿದೆ. ಹೋಗಿರಪ್ಪಾ, ಸುಖವಾಗಿರಿ ಎಂದೆ. ಮನಸ್ಸು ಹಗುರವಾಯಿತು.

ಆಗಸ್ಟ್ 3

ಮೂವತ್ತೊಂದು, ಹತ್ತೊಂಬತ್ತು, ಹದಿನಾಲ್ಕು, ಇವತ್ತು ಆರು. ಎಲ್ಲರಿಗೂ ಗೋಡೆಯ ಆಚೆ ಮರುವಸತಿ. ಬಸ್ತಿಯಲ್ಲಿ ನಾಲ್ಕು ಹೆಂಗಸರಿಗೆ ನನ್ನ ಉಪಾಯ ಹೇಳಿದೆ, ಬಹಳ ಹೊಗಳಿದರು. ಒಬ್ಬರು ತಮ್ಮ ಗುಲಾಬಿಗೂ ಹಾಗೇ ಮಾಡುತ್ತೇನೆ ಎಂದರು. ಬೆಂಡೆ ಚಿಗುರುತ್ತಿದೆ. ಹೀರೆಯ ಮೊದಲ ಹೆಣ್ಣು ಹೂವು ಬಿಟ್ಟಿದೆ, ನಿಜವಾಗಿಯೂ ಸೊಂಟಕ್ಕೆ ಕಾಯಿ ಕಟ್ಟಿಕೊಂಡೇ ಬಂದಿದೆ.

ನಾನು ತೋಟಗಾರ್ತಿಯಾದೆ.

ಆಗಸ್ಟ್ 7

ಹೌಸಾಬಾಯಿ ಬಂದಳು. ಚೀಲದಲ್ಲಿ ನನಗಾಗಿ ತವರಿನ ಜೋಳದ ಅರಳು ತಂದಿದ್ದಳು. ಗೋಡೆಯ ಮೇಲೆ ಇಟ್ಟು, ತನ್ನ ಕಡೆಗೆ ತಿರುಗಿ ನೆಲ ನೋಡುತ್ತ ನಿಂತಳು. ಏನಾಯಿತು ಎಂದು ನಾನು ಬಗ್ಗಿ ನೋಡಿದೆ.

ಗೋಡೆಯ ಬುಡದಲ್ಲಿ ಪೊದೆ ಇದೆ, ಅದು ನನಗೆ ಗೊತ್ತಿತ್ತು. ಪೊದೆಗೆ ಅಂಟಿಕೊಂಡು ಅವಳ ಬೆಂಡೆಯ ಮಡಿ ಇದೆ, ಅದು ಗೊತ್ತಿರಲಿಲ್ಲ. ಒಂದೂವರೆ ತಿಂಗಳಿಂದ ಈ ಗೋಡೆಗೆ ಒರಗಿ ಮಾತಾಡಿದ್ದೇನೆ, ಅವಳು ನನ್ನ ಪ್ರತಿ ಎಲೆ ಬಲ್ಲಳು, ನಾನು ಒಂದು ದಿನವೂ ಆಚೆ ಬಗ್ಗಿ ನೋಡಿರಲಿಲ್ಲ. ಗಿಡಗಳಲ್ಲಿ ಎಲೆಯ ನರ ಮಾತ್ರ ಉಳಿದಿದೆ. ನಾಲ್ಕು ಸಾಲು. ಶ್ರಾವಣದಲ್ಲಿ ಕಾಯಿಪಲ್ಲೆಗೆ ಗಿರಾಕಿ ಜಾಸ್ತಿ, ಸಂಜೆ ಚೌಕದಲ್ಲಿ ಬುಟ್ಟಿ ಇಟ್ಟು ಕೂತರೆ ಇಟ್ಟಿಗೆ ಹೊರುವುದು ಒಂದು ತಿಂಗಳು ತಪ್ಪುತ್ತದೆ ಎಂದು ಅವಳು ಜೂನಿನಿಂದ ಹೇಳುತ್ತಿದ್ದಳು. ಆ ಬುಟ್ಟಿಯ ಕಾಯಿ ಎಲ್ಲಿ ಬೆಳೆಯುತ್ತದೆ ಎಂದು ನಾನು ಕೇಳಿರಲಿಲ್ಲ.

"ಯಾರ ಕಣ್ಣ ಬಿತ್ತೋ ಏನೋ," ಎಂದಳು, ನನ್ನ ಕಡೆ ನೋಡದೆ.

ನಾನು ಹೌದಲ್ಲ ಎಂದೆ. ಅಷ್ಟೇ ಎಂದೆ. ಒಳಗೆ ಬಂದು ಅರಳಿನ ಪೊಟ್ಟಣ ಬಿಚ್ಚದೆ ಇಟ್ಟಿದ್ದೇನೆ.

ಆಗಸ್ಟ್ 8

ಹೌಸಾಬಾಯಿ ಇಟ್ಟಿಗೆ ಹೊರಲು ಹೋದಳು.

ಆಗಸ್ಟ್ 12

ಬರೆಯಲು ಏನೂ ಇಲ್ಲ. ಹುಳ ಮತ್ತೆ ಬಂದಿವೆ. ಹದಿನೇಳು.

ಆಗಸ್ಟ್ 17, ಭಾನುವಾರ

ಹುಳ ಎಲ್ಲಿಂದ ಬರುತ್ತವೋ ತಿಳಿಯದು. ಸಂಜೆ ಎಲೆ ಎಲೆ ಮಗುಚಿ ನೋಡಿ ಎಲ್ಲ ತೆಗೆದಿರುತ್ತೇನೆ, ಬೆಳಿಗ್ಗೆ ಮತ್ತೆ ಹನ್ನೆರಡು ಹದಿನೈದು. ಕೊಲ್ಲುವ ಹಾಗಿಲ್ಲ, ಗೋಡೆಯ ಆಚೆಗಂತೂ ಪ್ರಾಣ ಹೋದರೂ ಇಲ್ಲ. ಇವರನ್ನು ಸ್ಕೂಟರ್ ತೆಗೆಯಲು ಹೇಳಿದೆ. ಹಿಂದೆ ಕೂತು, ಮಡಿಲಲ್ಲಿ ಡಬ್ಬಿ ಹಿಡಿದು, ಹರಿಪುರ ರಸ್ತೆಯವರೆಗೂ ಹೋಗಿ ಹೊಳೆಯ ದಂಡೆಯ ಪೊದೆಗಳಲ್ಲಿ ಬಿಟ್ಟೆವು. ಅಲ್ಲಿ ಯಾರ ಮಡಿಯೂ ಇಲ್ಲ ಎಂದು ಮೊದಲು ಎರಡು ಸುತ್ತು ಹಾಕಿ ನೋಡಿದೆ.

ದಾರಿಯಲ್ಲಿ ಸಿಗ್ನಲ್ಲಿನಲ್ಲಿ ಬಸ್ತಿಯ ಭೂಪಾಲ ಕಾಕಾ ಸಿಕ್ಕರು. ನಾನು ಡಬ್ಬಿ ಹಿಡಿದ ಭಕ್ತಿ ನೋಡಿ, ಪ್ರಸಾದವೇ ಎಂದು ಕೈ ಚಾಚಿದರು. ಇವರು ಗಾಡಿ ಎಬ್ಬಿಸಿದ ವೇಗಕ್ಕೆ ನನ್ನ ಸೆರಗು ಹಾರಿತು. ಮನೆ ಬರುವವರೆಗೂ ಇವರ ಬೆನ್ನು ನಗುವಿನಿಂದ ಕುಣಿಯುತ್ತಿತ್ತು. ನಾನೂ ನಕ್ಕೆ. ಹಿತ್ತಲಿಗೆ ಬಂದಾಗ ಗೋಡೆಯ ಆಚೆ ಹೌಸಾಬಾಯಿ ಕೆಮ್ಮಿದ್ದು ಕೇಳಿಸಿತು. ನಗು ನಿಂತಿತು.

ಈಗ ಹಾಗಾಗಿದೆ. ಅವಳು ಇದ್ದರೆ ನಾನು ಒಳಗೆ, ಅವಳು ಹೋದ ಮೇಲೆ ನಾನು ಹೊರಗೆ.

ಆಗಸ್ಟ್ 24

ಅವಳು ಇವತ್ತು ಮನೆಯಲ್ಲಿದ್ದಳು. ಹೇಳಲೇಬೇಕು ಎಂದು ಎರಡು ಕಪ್ಪು ಚಹಾ ಮಾಡಿ ಗೋಡೆಯ ಮೇಲಿಟ್ಟು ಕರೆದೆ. ಇಬ್ಬರೂ ಕುಡಿದೆವು. ಮಳೆ, ಸಕ್ಕರೆ, ಧರೆಪ್ಪನ ಮೊಣಕಾಲು, ಎಲ್ಲ ಮಾತಾಡಿದೆವು. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಕಪ್ಪು ಎತ್ತಿಕೊಂಡು ಒಳಗೆ ಬಂದೆ.

ಹೇಳಿದರೆ ಅವಳು ಬೈದಾಳು ಎಂಬ ಹೆದರಿಕೆ ಅಲ್ಲ. ಬೈದರೆ ಒಳ್ಳೆಯದೇ. ಮಾತು ಬಿಟ್ಟರೆ? ಮತ್ತೆ ಈ ಮನೆಯಲ್ಲಿ ಮರಾಠಿ ಮತ್ತು ಟಿವಿ.

ಆಗಸ್ಟ್ 30

ಪರ್ವದ ಮೂರನೇ ದಿನ. ಹತ್ತು ದಿನ ಮನೆಯಲ್ಲಿ ಹಸಿರು ಕಾಯಿ ಏನೂ ಇಲ್ಲ, ಬೇಳೆ ಕಾಳು ಮಾತ್ರ. ಬೆಂಡೆಕಾಯಿಗೆ ಅದನ್ನು ಯಾರು ಹೇಳಬೇಕು. ಗಿಡದಲ್ಲೇ ಬಲಿತು ನಾರಾಗುತ್ತಿವೆ.

ಬಸ್ತಿಯಲ್ಲಿ ದಿನಕ್ಕೊಂದು ಧರ್ಮದ ಮೇಲೆ ಪ್ರವಚನ. ಇವತ್ತು ಆರ್ಜವ. ಒಳಗೊಂದು ಹೊರಗೊಂದು ಇಟ್ಟುಕೊಳ್ಳಬಾರದು ಎಂದರು ಪಂಡಿತರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು ಸೆರಗಿನಲ್ಲಿ ಹುಳ ಇದೆಯೇ ಎಂದು ನೋಡಿಕೊಂಡೆ.

ಸಪ್ಟೆಂಬರ್ 1

ಇವತ್ತು ಸತ್ಯಧರ್ಮ. ತಲೆನೋವು ಎಂದು ಬಸ್ತಿಗೆ ಹೋಗಲಿಲ್ಲ. ತಲೆ ನೋಯುತ್ತಿರಲಿಲ್ಲ.

ಸಪ್ಟೆಂಬರ್ 6

ಹಿತ್ತಲಿನ ಸ್ಥಿತಿ ಹೀಗಿದೆ. ಅಲಸಂದಿ ಧಾರಾಳ. ಹೀರೆ ನಾಲ್ಕು, ಒಂದು ಸೊಟ್ಟ. ಎಳೆಯ ಬೆಂಡೆ ಹುಡುಕಿದರೆ ಒಂದು ಹಿಡಿ. ಎರಡನೇ ಸಲ ಬಿತ್ತಿದ ಸೌತೆಯಲ್ಲಿ ಒಂದೇ ಒಂದು ಕಾಯಿ, ಗೇಣುದ್ದ. ಕೋಸಂಬರಿಗೆ ಅದೊಂದೇ ಗತಿ. ಅರಿಹಂತ ಪೇವರ್ ಬ್ಲಾಕಿನ ಬಣ್ಣದ ಚಿತ್ರಗಳನ್ನು ಮೊಬೈಲಿನಲ್ಲಿ ತೋರಿಸಿದ, ಕೆಂಪೋ ಬೂದಿಯೋ ಎಂದು ಕೇಳಿದ. ಸೌತೆಕಾಯಿ ನೋಡಿ ಬಾ, ಆಮೇಲೆ ಬಣ್ಣ ಹೇಳುತ್ತೇನೆ ಎಂದೆ. ಹೇಳಿದ್ದು ಜೋರಾಗಿಯೇ. ಆಮೇಲೆ ಸೌತೆಕಾಯಿ ಇದೆಯೇ ಎಂದು ನಾನೇ ಹೋಗಿ ನೋಡಿ ಬಂದೆ. ಮೂರು ತಿಂಗಳ ಹಿಂದೆ ಈ ಮಣ್ಣು ಹೋಗಿದ್ದರೆ ನನಗೆ ಗೊತ್ತೂ ಆಗುತ್ತಿರಲಿಲ್ಲ. ಈಗ ಹೋದರೆ ಅಳು ಬರುತ್ತದೆ.

ಸಪ್ಟೆಂಬರ್ 8, ಸೋಮವಾರ

ಬೆಳಿಗ್ಗೆ ಏಳರಿಂದ ಮೊಬೈಲು ಟಿಂಗ್ ಟಿಂಗ್. ಮಿರಜ, ಇಚಲಕರಂಜಿ, ಶೇಡಬಾಳದ ನನ್ನ ತವರು, ಎಲ್ಲರಿಂದ ಕೈ ಮುಗಿದ ಚಿತ್ರ, ಉತ್ತಮ ಕ್ಷಮಾ. ತಿಳಿದೋ ತಿಳಿಯದೆಯೋ ನೋಯಿಸಿದ್ದರೆ ಕ್ಷಮಿಸಿ. ನಾನೂ ಒಂದು ಚಿತ್ರ ಆರಿಸಿ, ನೂರಾ ಹನ್ನೊಂದು ಜನಕ್ಕೆ ಕಳಿಸಿದೆ. ಅದರಲ್ಲಿ ಕೆಲವರ ಮುಖವೂ ನೆನಪಿಲ್ಲ. ಇವರಿಗೂ ಮಗನಿಗೂ ಕೈ ಮುಗಿದೆ, ಅವರೂ ಮುಗಿದರು. ಆಯಿತು ಎಂದು ಹೀರೆಕಾಯಿ ಕೊಯ್ಯಲು ಬುಟ್ಟಿ ಹಿಡಿದು ಹಿತ್ತಲಿಗೆ ಹೋದೆ. ಹೌಸಾಬಾಯಿ ಆಚೆ ಬಟ್ಟೆ ಹಿಂಡುತ್ತಿದ್ದಳು. ನಾನು ಎಂದಿನ ಹಾಗೆ ಒಳಗೆ ಸರಿಯಲು ತಿರುಗಿದೆ.

ನೂರಾ ಹನ್ನೊಂದು ಜನ. ಇವಳ ನಂಬರೇ ನನ್ನ ಹತ್ತಿರ ಇಲ್ಲ.

ಗೋಡೆಯ ಮೇಲಿಂದ ಹೇಳುವ ಮಾತಲ್ಲ ಇದು ಎನಿಸಿತು. ಬುಟ್ಟಿಯನ್ನು ಅಲ್ಲೇ ಇಟ್ಟೆ. ಗೇಟು ದಾಟಿ, ರಸ್ತೆ ಸುತ್ತಿ, ಚೌಕದ ಹಿಂದಿನ ಕಚ್ಚಾ ದಾರಿಯಲ್ಲಿ ಹೋದರೆ ಅವಳ ಶೆಡ್ಡಿಗೆ ಹತ್ತು ನಿಮಿಷ. ಇದೇ ಮೊದಲ ಸಲ ಹೋದದ್ದು. ಅವಳು ಒದ್ದೆ ಕೈ ಸೆರಗಿಗೆ ಒರೆಸಿಕೊಂಡು, ಏನಾಯಿತೋ ಎಂದು ಎದುರು ಬಂದಳು. ನಾನು ಕೈ ಮುಗಿದು ಎಲ್ಲ ಹೇಳಿದೆ. ಡಬ್ಬಿ, ಇಪ್ಪತ್ತಮೂರು, ಮೂವತ್ತೊಂದು, ಪೊದೆ, ಅವಳು ಬಂದ ದಿನ ನಾನು ಹೌದಲ್ಲ ಎಂದದ್ದು. ನಿನ್ನ ಬೆಂಡೆ ತಿಂದದ್ದು ನನ್ನ ಹುಳ ಹೌಸಾ, ನನ್ನದು ತಪ್ಪಾಯಿತು, ಕ್ಷಮಿಸು ಎಂದೆ.

ಅವಳು ಸೆರಗಿಗೆ ಇನ್ನೊಮ್ಮೆ ಕೈ ಒರೆಸಿಕೊಂಡಳು. ಆಮೇಲೆ ಹೇಳಿದಳು:

"ಗೊತ್ತೈತ್ರಿ. ನಾ ಊರಿಂದ ಬಂದ ದಿನಾನ ನಮ್ಮ ಮನ್ಯಾವ್ರು ಹೇಳಿದ್ರು, ಬಾಯಾರು ದಿನಾ ಸಂಜಿಮುಂದ ಡಬ್ಬಿ ತಂದ ಝಾಡಿಸಿ ಹೋಗ್ತಾರ ಅಂತ. ನೀವಾಗಿ ಹೇಳ್ತೀರಿ ಅಂತ ಕಾಯ್ದೆ. ಎರಡ ದಿನ ಕಾಯ್ದೆ, ಮೂರ ದಿನ ಕಾಯ್ದೆ. ಹೇಳ್ಲಿಲ್ಲ. ಸಿಟ್ಟ ಬಂತು. ನಿಮ್ಮ ಹುಳ ನಿಮಗ ಇರ್ಲಿ ಅಂತ ದಿನಾ ಮುಂಜಾನೆ ಕೆಲಸಕ್ಕ ಹೋಗೂಮುಂದ ಆರಿಸಿ ಆರಿಸಿ ಹೊಳ್ಳಿ ಒಗದೇನಿ. ಚಹಾ ಕೊಟ್ಟ ದಿನಾನೂ ಹೇಳ್ತೀರಿ ಅಂತ ಕಾಯ್ದೆ."

ಮಾಡಿದ್ದುಣ್ಣೋ ಮಹಾರಾಯ. ಸಂಜೆ ತೆಗೆದರೆ ಬೆಳಿಗ್ಗೆ ಹದಿನೈದು ಹುಳ ಎಲ್ಲಿಂದ ಬರುತ್ತಿದ್ದವು ಎಂದು ಈಗ ತಿಳಿಯಿತು. ನಾನು ಅವನ್ನು ಮಡಿಲಲ್ಲಿಟ್ಟುಕೊಂಡು ಸ್ಕೂಟರಿನಲ್ಲಿ ಹೊಳೆಗೆ ಹೊತ್ತದ್ದನ್ನು, ಭೂಪಾಲ ಕಾಕಾ ಪ್ರಸಾದಕ್ಕೆ ಕೈ ಚಾಚಿದ್ದನ್ನು ಹೇಳಿದೆ. ಅವಳು ನಗಬಾರದೆಂದು ತುಟಿ ಕಚ್ಚಿ ಹಿಡಿದಳು, ಆಗಲಿಲ್ಲ, ಬಟ್ಟೆಯ ಕಲ್ಲಿನ ಮೇಲೆ ಕೂತು ನಕ್ಕಳು. ನನಗೂ ನಿಲ್ಲಲು ಆಗಲಿಲ್ಲ, ಅವಳ ಪಕ್ಕದಲ್ಲೇ ಕೂತೆ.

ನಗು ನಿಂತ ಮೇಲೆ ಅವಳು ಇವತ್ತಿನ ದಿನ ಏನು ಹೇಳುತ್ತಾರೆ ಎಂದು ಕೇಳಿದಳು. ಹೇಳಿಕೊಟ್ಟೆ. ಕೈ ಮುಗಿದು, "ಹಂಗಾರ ನನಗೂ ಕ್ಷಮಾ ಮಾಡ್ರಿ, ಅಕ್ಕಾರ," ಎಂದಳು. ನಾನು ಐವತ್ತು ವರ್ಷದಿಂದ ಈ ಮಾತು ಕೇಳಿದ್ದೇನೆ, ಹೇಳಿದ್ದೇನೆ. ಕಣ್ಣಲ್ಲಿ ನೀರು ಬಂದದ್ದು ಇವತ್ತೇ.

ಅವಳು ಒಲೆ ಹಚ್ಚಿ ಜೋಳದ ಭಕ್ಕರಿ ಬಡಿದಳು. ಚಟ್ನಿಯಲ್ಲಿ ಬಳ್ಳೊಳ್ಳಿ ಇದೆ, ನಿಮಗೆ ಬೇಡ ಎಂದು ಅವಳೇ ದೂರ ಸರಿಸಿ, ಬಿಸಿ ಭಕ್ಕರಿಗೆ ಉಪ್ಪು ಎಣ್ಣೆ ಸವರಿ ಕೊಟ್ಟಳು. ಉಪ್ಪು ಒಂದು ಚಿಟಿಕೆ ಜಾಸ್ತಿಯಾಗಿತ್ತು. ಎರಡೂವರೆ ತಿಂದೆ. ಅವಳ ತವರಿನ ಸುದ್ದಿ, ನನ್ನ ಅತ್ತೆಯ ಸುದ್ದಿ, ಸುದ್ದಿಗೆ ಕೊನೆ ಎಲ್ಲಿ. ಧರೆಪ್ಪ ಊಟಕ್ಕೆ ಬಂದಾಗಲೇ ಹೊತ್ತು ತಿಳಿದದ್ದು. ಹನ್ನೆರಡೂವರೆ.

ಊಟ. ಕರಾರು. ಬುಟ್ಟಿ ಹೀರೆಯ ಬುಡದಲ್ಲಿ ಹಾಗೇ ಬಿದ್ದಿದೆ, ಒಲೆ ಹಚ್ಚಿಲ್ಲ.

ಓಡುತ್ತ ಬಂದೆ. ಮನೆಯೊಳಗೆ ಯಾರೂ ಇಲ್ಲ. ಹಿತ್ತಲಿನಲ್ಲಿ ಇವರು ಪಂಚೆ ಎತ್ತಿ ಕಟ್ಟಿ, ಬುಟ್ಟಿ ಹಿಡಿದು ಚಪ್ಪರದ ಕೆಳಗೆ ನಿಂತಿದ್ದರು. ಬುಟ್ಟಿಯಲ್ಲಿ ಹೀರೆ ನಾಲ್ಕೂ ಇದ್ದವು, ಸೌತೆಕಾಯಿಯೂ ಇತ್ತು. ನನ್ನನ್ನು ಕಾದು ಕಾದು, ಹಸಿವು ತಡೆಯದೆ ತಾವೇ ಕೊಯ್ಯಲು ಇಳಿದಿದ್ದರಂತೆ. ಅರಿಹಂತ ಮೊಣಕಾಲವರೆಗೆ ಪ್ಯಾಂಟು ಮಡಚಿ ಬೆಂಡೆಯ ಸಾಲಿನ ನಡುವೆ ಕೂತಿದ್ದ. ಬೆಂಡೆಯ ಮುಳ್ಳಿನಂಥ ಸುಂಕು ತಾಗಿ ತೋಳೆಲ್ಲ ಕೆಂಪಾಗಿತ್ತು.

ನಾನು ಉಸಿರು ಹಿಡಿದುಕೊಂಡು ಹೇಳಿದೆ, ಊಟ ಆಗಿಲ್ಲ, ನಾನು ಸೋತೆ. ಸೋತರೂ ಈ ಮಣ್ಣಿನ ಮೇಲೆ ಕಲ್ಲು ಹಾಕಲು ಬಿಡುವುದಿಲ್ಲ. ಕಾರು ರಸ್ತೆಯಲ್ಲಿ ನಿಲ್ಲಲಿ, ಮಳೆಗೆ ನೆನೆಯಲಿ, ಹಿತ್ತಲು ಹೀಗೇ ಇರುತ್ತದೆ. ಕನ್ನಡದಲ್ಲೇ ಹೇಳಿದೆ, ತಡವರಿಸದೆ ಹೇಳಿದೆ.

ಇವರು ಬುಟ್ಟಿ ನೋಡಿದರು. ಅರಿಹಂತ ಎದ್ದ. ಅವನ ಕೈಯಲ್ಲಿ ಒಂದು ಬೆಂಡೆಯ ಎಲೆ, ಎಲೆಯ ಮೇಲೆ ಹಸಿರು ಹುಳ. ಅಲ್ಲಾಡಿದರೆ ಎಲ್ಲಿ ಬೀಳುತ್ತದೋ ಎಂದು ಇನ್ನೊಂದು ಅಂಗೈಯನ್ನು ಕೆಳಗೆ ಹಿಡಿದಿದ್ದ. ನನ್ನ ಮಾತು ಅವನಿಗೆ ಕೇಳಿಸಿತೋ ಇಲ್ಲವೋ ಎನಿಸಿತು. ಹುಟ್ಟಿದ ಮೇಲೆ ನನ್ನ ಹತ್ತಿರ ಒಂದು ಪೂರ್ತಿ ವಾಕ್ಯ ಕನ್ನಡ ಮಾತಾಡದವನು ಕೇಳಿದ:

"ಆಯಿ, ಹಿತ್ತಲ ಇರ್ಲಿ. ಇದನ್ನ ಎಲ್ಲಿ ಬಿಡೂದು?"

ಗೋಡೆಯ ಆಚೆ ನೋಡಿದೆ, ಗೇಟಿನ ಕಡೆ ನೋಡಿದೆ. ಆ ಗಿಡದಲ್ಲೇ ಬಿಡು ಎಂದೆ. ಅವನು ಬಗ್ಗಿ ಎಲೆಯನ್ನು ಗಿಡಕ್ಕೆ ತಾಗಿಸಿ ಹಿಡಿದ, ಹುಳ ಮೆಲ್ಲಗೆ ದಾಟಿ ಹೋಗುವವರೆಗೂ ಕೈ ತೆಗೆಯಲಿಲ್ಲ.